ಅಜ್ಜನ ಗಡಿಯಾರಕ್ಕೆ ಸಾಕ್ಷಿ ಯಾರು?

ಮನೆಯಲ್ಲಿರುವ ಹಳೆಯ ಗಡಿಯಾರದ ಕಥೆಯನ್ನು ಬರೆದು ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಕೇಳಿದ್ದೇ ತಡ, ನಮ್ಮ ವಿಕ್ರೋಳಿಯ ಟಾಗೋರ್ ನಗರ, ಕನ್ನಮ್ವಾರ್ ನಗರ, ಪಾರ್ಕ್‌ಸೈಟುಗಳಿಂದ ಮಾತ್ರವಲ್ಲದೆ ಘಾಟ್‌ಕೋಪರ, ಭಾಂಡುಪಗಳಿಂದಲೂ ಲೇಖನಗಳು ಬಂದುವು. ಒಬ್ಬರ ಮನೆಯಲ್ಲಿ ಸೋದರಮಾವ ಮದುವೆಗೆ ಕೊಟ್ಟ ಗಡಿಯಾರ. ಇನ್ನೊಬ್ಬರಲ್ಲಿ ತಂದೆಯವರು ಗಿರಣಿಯ ಬೋನಸ್ಸಿನಿಂದ ಕೊಂಡದ್ದು. ಮತ್ತೊಬ್ಬರಲ್ಲಿ ಅಜ್ಜನವರು ಊರಿನಿಂದ ಹಡಗು ಹತ್ತಿ ಬರುವಾಗ ಕೈಗೆ ಕಟ್ಟಿಕೊಂಡು ಬಂದದ್ದು. ಓದುತ್ತ ನಮಗೆ ಸಂತೋಷವಾಯಿತು. ಓದಿ ಮುಗಿಸಿದ ಮೇಲೆ ಮಾತ್ರ ಒಂದು ಪ್ರಶ್ನೆ ಎದ್ದು ನಿಂತಿತು. ಇವುಗಳಲ್ಲಿ ಯಾವುದನ್ನು ನಂಬಬೇಕು? ಎಷ್ಟರ ಮಟ್ಟಿಗೆ ನಂಬಬೇಕು?

‘ಮನೆಯ ಗಡಿಯಾರದ ವಿಷಯ ಬರೆಯುವುದಕ್ಕೂ ಸಾಕ್ಷಿ ಪುರಾವೆ ಬೇಕೆ? ಇದೇನು ಕೋರ್ಟು ಕಚೇರಿಯೆ?’ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಾವು ಊರು ಬಿಟ್ಟು ಬಂದವರು. ಊರಿನಲ್ಲಿ ಉಳಿದವರಿಗೆ ಹಿರಿಯರ ನೆನಪನ್ನು ಹೇಳುವುದಕ್ಕೆ ಅಂಗಳವಿದೆ, ಬಾವಿಯಿದೆ, ಅಜ್ಜ ನೆಟ್ಟ ಮಾವಿನ ಮರವಿದೆ. ಇಲ್ಲಿ ಒಂದೆರಡು ಕೋಣೆಗಳಲ್ಲಿ ಬೆಳೆದ ಮೊಮ್ಮಕ್ಕಳಿಗೆ ಉಳಿಯುವುದು ಒಂದು ಟ್ರಂಕು, ಒಂದು ಫೋಟೋ, ಒಂದು ಗಡಿಯಾರ. ಅದರ ವಿಷಯವಾಗಿ ನಾವು ಅಚ್ಚು ಹಾಕುವ ಎರಡು ಪುಟಗಳೇ ನಾಳೆ ಆ ಮನೆಯ ಚರಿತ್ರೆಯಾಗುತ್ತದೆ. ಅದರಲ್ಲಿ ಒಂದು ಮಾತು ಪೊಳ್ಳೆಂದು ಮೊಮ್ಮಗನಿಗೆ ಗೊತ್ತಾದ ದಿನ, ಉಳಿದ ಒಂಬತ್ತು ನಿಜಗಳೂ ಅವನ ಕಣ್ಣಿಗೆ ಪೊಳ್ಳಾಗಿ ಕಾಣುತ್ತವೆ. ನಷ್ಟವಿರುವುದು ಅಲ್ಲಿ.

ಆದುದರಿಂದ ಈ ಸಲದ ಅಂಕಣವನ್ನು ಈ ಒಂದು ವಿಷಯಕ್ಕೇ ಮೀಸಲಾಗಿಟ್ಟಿದ್ದೇವೆ. ಗಡಿಯಾರದ ಚರಿತ್ರೆಯನ್ನು ಬರೆದವರ ಮಾತು ನಂಬಿಕೆಗೆ ಅರ್ಹವಾಗುವುದು ಯಾವುದರಿಂದ? ಭಾಷೆಯ ಬೆಡಗಿನಿಂದಲ್ಲ, ಲೇಖಕರ ಪದವಿಯಿಂದಲೂ ಅಲ್ಲ. ಪ್ರತಿಯೊಂದು ಮಾತೂ ಎಲ್ಲಿಂದ ಬಂತು ಎಂಬುದು ಓದುವವನಿಗೆ ಕಾಣುವಂತಿರಬೇಕು. ಆ ಆಧಾರ ಎಷ್ಟು ಭಾರವನ್ನು ಹೊರಬಲ್ಲುದೋ ಅಷ್ಟನ್ನೇ ಅದರ ಮೇಲೆ ಹೊರಿಸಿರಬೇಕು. ಇಷ್ಟೇ. ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಈ ಕೆಲಸಕ್ಕೆ ಮೂವರು ಸಾಕ್ಷಿಗಳು ಸಿಕ್ಕುತ್ತಾರೆ. ಒಂದು ವಸ್ತು, ಎರಡನೆಯದು ಕಾಗದ, ಮೂರನೆಯದು ಮನುಷ್ಯ. ಒಬ್ಬೊಬ್ಬರನ್ನಾಗಿ ವಿಚಾರಿಸೋಣ.

ಮೊದಲ ಸಾಕ್ಷಿ ಗಡಿಯಾರವೇ. ಆಶ್ಚರ್ಯವೆಂದರೆ, ಗಡಿಯಾರದ ಮೇಲೆ ಬರೆಯುವ ಹಲವರು ಗಡಿಯಾರವನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ. ಅದರ ವಿಷಯವಾಗಿ ಮನೆಯಲ್ಲಿ ಕೇಳಿದ್ದನ್ನು ಬರೆದಿರುತ್ತಾರೆ. ಮೊದಲು ಅದನ್ನು ಬೆಳಕಿಗೆ ಹಿಡಿಯಿರಿ. ಮುಖದ ಮೇಲೆ ಯಾವ ಹೆಸರಿದೆ, ಯಾವ ಲಿಪಿಯಲ್ಲಿದೆ? ಆರು ಗಂಟೆಯ ಅಂಕಿಯ ಕೆಳಗೆ, ಅಂಚಿನಲ್ಲಿ, ಇರುವೆಯ ಸಾಲಿನಂತೆ ಸಣ್ಣ ಅಕ್ಷರಗಳಿವೆಯೆ? ಭೂತಗನ್ನಡಿ ಹಿಡಿದು ಅವನ್ನು ಬರೆದುಕೊಳ್ಳಿ. ಹಿಂಬದಿಯ ಮುಚ್ಚಳದ ಮೇಲಿನ ನಂಬರುಗಳನ್ನೂ ಬರೆದುಕೊಳ್ಳಿ. ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ಎಬ್ಬಿಸಲು ಮಾತ್ರ ಹೋಗಬೇಡಿ. ನಂಬಿಕೆಯ ರಿಪೇರಿಯವರಲ್ಲಿಗೆ ಒಯ್ದು, ಅವರು ತೆರೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಯಂತ್ರದ ಮೇಲೆ ಮಾಡಿದವರ ಗುರುತು ಇರುವುದುಂಟು, ಅದರ ನಂಬರು ಇರುವುದುಂಟು, ಎಷ್ಟು ಕಲ್ಲಿನದೆಂಬುದೂ ಇರುವುದುಂಟು. ಮುಚ್ಚಳದ ಒಳಮೈಯಲ್ಲಿ ಹಿಂದಿನ ರಿಪೇರಿಯವರು ಸೂಜಿಯ ಮೊನೆಯಿಂದ ಗೀಚಿಟ್ಟ ಗುರುತು, ತಾರೀಖು ಕಂಡರೂ ಕಾಣಬಹುದು. ಅಜ್ಜನವರು ಆ ಗಡಿಯಾರವನ್ನು ಎಷ್ಟು ಸಲ ತೊಳೆಯಿಸಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇರೆಲ್ಲಿ ಸಿಕ್ಕೀತು?

ಆದರೆ ವಸ್ತುವನ್ನು ಓದುವುದಕ್ಕೂ ವಿವೇಕ ಬೇಕು. ನಮಗೆ ಬಂದ ಒಂದು ಲೇಖನದಲ್ಲಿ, ಮನೆಯ ಹಳೆಯ ಜೇಬುಗಡಿಯಾರದ ಮುಖದಲ್ಲಿ ‘ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ–ಕಲ್ಕತ್ತಾ’ ಎಂದು ಇಂಗ್ಲಿಷಿನಲ್ಲಿ ಬರೆದಿದೆಯೆಂದು ಹೇಳಿ, ‘ಆ ಕಾಲದಲ್ಲೇ ನಮ್ಮ ಮುಂಬಯಿಯಲ್ಲಿ ಗಡಿಯಾರ ತಯಾರಾಗುತ್ತಿತ್ತು’ ಎಂದು ಹೆಮ್ಮೆಪಟ್ಟಿದ್ದರು. ಮುಖದ ಮೇಲಿನ ಬರಹ ನಿಜ. ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ವೆಸ್ಟ್ ಎಂಡ್ ಗಡಿಯಾರಗಳು ತಯಾರಾಗುತ್ತಿದ್ದುದು ಸ್ವಿಟ್ಜರ್ಲೆಂಡಿನಲ್ಲಿ. ಮುಂಬಯಿ ಕಲ್ಕತ್ತೆಗಳು ಅವು ಮಾರಾಟವಾಗುತ್ತಿದ್ದ ಊರುಗಳು. ಮುಖ ಹೇಳುವುದು ಮಾರಿದವರ ವಿಳಾಸವನ್ನು, ಹುಟ್ಟಿದ ಊರನ್ನಲ್ಲ. ಸೀರೆಯ ಪೆಟ್ಟಿಗೆಯ ಮೇಲೆ ದಾದರಿನ ಅಂಗಡಿಯ ಹೆಸರಿದ್ದ ಮಾತ್ರಕ್ಕೆ ಇಳಕಲ್ಲಿನ ಸೀರೆ ದಾದರಿನಲ್ಲಿ ನೇಯ್ದದ್ದಾಗುತ್ತದೆಯೆ?

ಮುಂಬಯಿಯ ಹೆಸರು ಇನ್ನೊಂದು ರೀತಿಯಲ್ಲೂ ಗಡಿಯಾರಗಳಿಗೆ ಅಂಟಿಕೊಂಡಿದೆ. ಅದು ಅಷ್ಟು ಹೆಮ್ಮೆಯ ಮಾತಲ್ಲ. ಹಳೆಯ ಗಡಿಯಾರಗಳನ್ನು ಕೂಡಿಡುವ ಹವ್ಯಾಸಿಗಳಲ್ಲಿ ‘ಮುಂಬಯಿ ಸ್ಪೆಷಲ್’ ಎಂಬ ಮಾತು ಬಳಕೆಯಲ್ಲಿದೆ. ಸವೆದ ಎಚ್‌ಎಂಟಿಯನ್ನೋ ಹಳೆಯ ಸ್ವಿಸ್ ಗಡಿಯಾರವನ್ನೋ ತಂದು, ಮುಖಕ್ಕೆ ಹೊಸ ಬಣ್ಣ ಹೊಡೆದು, ಹೆಸರು ಬರೆದು, ಒಂದರ ಮುಳ್ಳನ್ನು ಇನ್ನೊಂದಕ್ಕೆ ಜೋಡಿಸಿ, ‘ಹಳೆಯದು, ಬಳಸಿಲ್ಲ’ ಎಂದು ಮಾರುವ ಮಾಲಿಗೆ ಆ ಹೆಸರು. ಎಚ್‌ಎಂಟಿ ‘ಪೈಲಟ್’ ಎಂದರೆ ಕಪ್ಪು ಮುಖ, ಬಿಳಿಯ ಅಂಕಿ ಎಂದು ನೆನಪಿರುವವರಿಗೆ, ಕಿತ್ತಳೆ, ಗಿಳಿಹಸಿರು ಮುಖಗಳ ಪೈಲಟ್ಟುಗಳನ್ನು ಕಂಡಾಗ ನಗು ಬರುತ್ತದೆ. ಕಡಿಮೆ ಬೆಲೆಗೆ ಕಟ್ಟಿಕೊಳ್ಳುವುದಕ್ಕೊಂದು ಗಡಿಯಾರವಾಯಿತೆಂದು ಕೊಂಡರೆ ಮೋಸವೇನೂ ಇಲ್ಲ. ಆದರೆ ಅಂಥದೊಂದನ್ನು ಮುಂದಿಟ್ಟುಕೊಂಡು ‘ಎಚ್‌ಎಂಟಿಯವರು ಕಿತ್ತಳೆ ಬಣ್ಣದ ಪೈಲಟ್ಟನ್ನೂ ಮಾಡಿದ್ದರು’ ಎಂದು ಬರೆದರೆ, ಗಲ್ಲಿಯ ಕುಂಚದ ಕೆಲಸ ಕಾರ್ಖಾನೆಯ ಚರಿತ್ರೆಯಾಗಿಬಿಡುತ್ತದೆ. ಅದನ್ನು ಓದಿ ಇನ್ನೊಬ್ಬರು ಬರೆಯುತ್ತಾರೆ. ಆ ಇನ್ನೊಬ್ಬರ ಬರಹವನ್ನು ತೋರಿಸಿ ವ್ಯಾಪಾರಿ ಮತ್ತೆ ನಾಲ್ಕು ಮಾರುತ್ತಾನೆ. ಆದುದರಿಂದ ಒಂದು ಗಡಿಯಾರವನ್ನು ನೋಡಿ ಒಂದು ಜಾತಿಯ ಗಡಿಯಾರದ ವಿಷಯ ಹೇಳಬಾರದು. ಮುಖ, ಯಂತ್ರ, ಮುಚ್ಚಳ ಮೂರೂ ಒಂದೇ ಮಾತನ್ನು ಹೇಳುತ್ತಿವೆಯೆ ಎಂದು ನೋಡಿಕೊಳ್ಳಬೇಕು.

ಇಲ್ಲಿ ಕಾಗದ ನೆರವಿಗೆ ಬರುತ್ತದೆ. ಅಂಗಡಿಯ ಬಿಲ್ಲು, ಗ್ಯಾರಂಟಿ ಕಾರ್ಡು, ಹಳೆಯ ಜಾಹೀರಾತು, ಮದುವೆಯ ಉಡುಗೊರೆಯ ಪಟ್ಟಿ, ಊರಿಗೆ ಬರೆದ ಕಾಗದದಲ್ಲಿ ‘ಒಂದು ವಾಚು ಕೊಂಡೆ’ ಎಂಬ ಒಂದು ಸಾಲು — ಯಾವುದೂ ಕಡಿಮೆಯದಲ್ಲ. ಫೋಟೋವೂ ಒಂದು ಕಾಗದವೇ. ಮನೆಯ ಕಾಗದ ಗೆದ್ದಲಿನ ಪಾಲಾಗಿದ್ದರೂ ನಾಡಿನ ಚರಿತ್ರೆಯ ಗೊತ್ತಾದ ತಾರೀಖುಗಳು ನಮ್ಮ ಮಾತಿಗೆ ಬೇಲಿಯಾಗಿ ನಿಲ್ಲುತ್ತವೆ. ಬೆಂಗಳೂರಿನ ಹಿಂದುಸ್ತಾನ್ ಮಷೀನ್ ಟೂಲ್ಸ್ ಸ್ಥಾಪನೆಯಾದುದು ೧೯೫೩ರಲ್ಲಿ. ಆದರೆ ಅದು ಮೊದಲು ಮಾಡಿದ್ದು ಹೆಸರೇ ಹೇಳುವಂತೆ ಯಂತ್ರೋಪಕರಣಗಳನ್ನು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ಹೊರಬಂದದ್ದು ೧೯೬೧ರಲ್ಲಿ. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ ಅವರು. ತುಮಕೂರಿನ ಕಾರ್ಖಾನೆ ೧೯೭೮ರದು. ಶ್ರೀನಗರದಲ್ಲೂ, ಹಿಮಾಲಯದ ಅಡಿಯ ರಾಣಿಬಾಗಿನಲ್ಲೂ ಎಚ್‌ಎಂಟಿ ಗಡಿಯಾರಗಳು ತಯಾರಾದುವು. ಆದುದರಿಂದ ಎಚ್‌ಎಂಟಿ ಎಂದು ಕಂಡೊಡನೆ ‘ಜಾಲಹಳ್ಳಿಯಲ್ಲಿ ಹುಟ್ಟಿದ್ದು’ ಎಂದು ಬರೆದುಬಿಡುವುದು ಆತುರವಾಗುತ್ತದೆ. ಟೈಟನ್ ಕಂಪನಿ ಹುಟ್ಟಿದ್ದು ೧೯೮೪ರಲ್ಲಿ. ಅದಕ್ಕೆ ಮೊದಲೇ ಮದುವೆಯಾದ ಅಳಿಯನಿಗೆ ಮದುವೆಯ ದಿನ ಟೈಟನ್ ಸಿಕ್ಕಿರಲಾರದು.

ಬೇಲಿಯನ್ನು ಇನ್ನೊಂದು ತುದಿಯಲ್ಲೂ ನೋಡಿ ಹಾಕಬೇಕು. ‘೨೦೧೬ರಲ್ಲಿ ಎಚ್‌ಎಂಟಿ ಮುಚ್ಚಿತು, ಅಲ್ಲಿಂದೀಚೆಗೆ ಮಾರಿದ್ದೆಲ್ಲ ನಕಲಿ’ ಎಂದು ಒಬ್ಬರು ಬರೆದಿದ್ದಾರೆ. ಆ ವರ್ಷದ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲ ಮುಚ್ಚುವುದಕ್ಕೆ ಒಪ್ಪಿದ್ದು ಎಚ್‌ಎಂಟಿ ವಾಚಸ್ ಎಂಬ ಅಂಗಸಂಸ್ಥೆಯನ್ನು. ತಾಯಿಸಂಸ್ಥೆಯಾದ ಎಚ್‌ಎಂಟಿ ಉಳಿಯಿತು. ಆ ಹೆಸರಿನ ಗಡಿಯಾರಗಳನ್ನು ಅದು ಆಮೇಲೆಯೂ ಮಾರಿತು. ಒಂದು ಶಬ್ದವನ್ನು ಬಿಟ್ಟು ಬರೆದದ್ದರಿಂದ ಪ್ರಾಮಾಣಿಕವಾಗಿ ಕೊಂಡವರೆಲ್ಲ ಮೋಸಹೋದವರಾಗಿಬಿಟ್ಟರು!

ಇನ್ನು ‘ಮೊಟ್ಟಮೊದಲ’ ಎಂಬ ಮಾತಿನ ಮೋಹ. ಗಡಿಯಾರದ ಲೇಖನಗಳಿಗೆ ಈ ಮೋಹ ಜ್ವರದಂತೆ ಹತ್ತುತ್ತದೆ. ಪ್ರಪಂಚದ ಮೊಟ್ಟಮೊದಲ ಕೈಗಡಿಯಾರ ಯಾವುದು? ಪ್ಯಾರಿಸ್ಸಿನ ಬ್ರೆಗೆಯವರ ಲೆಕ್ಕದ ಪುಸ್ತಕದಲ್ಲಿ, ನೇಪಲ್ಸಿನ ರಾಣಿ ೧೮೧೦ರಲ್ಲಿ ಮಣಿಕಟ್ಟಿಗೆ ಕಟ್ಟುವ ಗಡಿಯಾರವನ್ನು ಹೇಳಿ ಮಾಡಿಸಿಕೊಂಡದ್ದು ದಾಖಲಾಗಿದೆ. ಕಾಗದವಿದೆ, ಗಡಿಯಾರ ಮಾತ್ರ ಕಾಣೆ. ಪಾಟೆಕ್ ಫಿಲಿಪ್ ಸಂಸ್ಥೆ ಹಂಗೆರಿಯ ಒಬ್ಬ ಶ್ರೀಮಂತ ಮಹಿಳೆಗೆಂದು ೧೮೬೮ರಲ್ಲಿ ಮಾಡಿದ್ದು ಇಂದಿಗೂ ಇದೆ. ವಿಮಾನಗಾರ ಸಾಂಟೋಸ್ ಡ್ಯೂಮಾಂಟನಿಗಾಗಿ ೧೯೦೪ರಲ್ಲಿ ಕಾರ್ಟಿಯೇ ಮಾಡಿದ್ದನ್ನು ಮತ್ತೆ ಕೆಲವರು ಮೊದಲನೆಯದೆನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಗಂಡಸರು ಕಟ್ಟುವ ಗಡಿಯಾರ. ಮೂವರದೂ ಸುಳ್ಳಲ್ಲ, ಯಾವುದರಲ್ಲಿ ಮೊದಲು ಎಂಬ ವಿಶೇಷಣವನ್ನು ಬಿಟ್ಟಾಗಲೇ ಜಗಳ. ನಂಬಿಕೆಗೆ ಅರ್ಹನಾದ ಲೇಖಕ ‘ಮೊದಲ’ ಎಂಬ ಶಬ್ದಕ್ಕೆ ಕೈಹಾಕುವ ಮುನ್ನ ಎರಡು ಸಲ ಯೋಚಿಸುತ್ತಾನೆ; ಹಾಕಿದರೆ ಯಾವುದರಲ್ಲಿ ಎಂದು ಹೇಳುತ್ತಾನೆ.

ಕಾಗದವೂ ವಸ್ತುವೂ ಒಂದಕ್ಕೊಂದು ತಾಗಿಕೊಂಡಿರಬೇಕೆಂಬುದಕ್ಕೆ ಇನ್ನೊಂದು ನಿದರ್ಶನ. ೨೦೦೯ರ ಮಾರ್ಚಿನಲ್ಲಿ ಮಹಾತ್ಮಾ ಗಾಂಧಿಯವರ ಜೇಬುಗಡಿಯಾರ, ಕನ್ನಡಕ, ಚಪ್ಪಲಿಗಳು ನ್ಯೂಯಾರ್ಕಿನಲ್ಲಿ ಹರಾಜಾದಾಗ, ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ೧೮ ಲಕ್ಷ ಡಾಲರಿಗೆ ಕೊಂಡದ್ದು ಓದುಗರಿಗೆ ನೆನಪಿರಬಹುದು. ಆ ಜೆನಿತ್ ಗಡಿಯಾರದಂಥವು ಪ್ರಪಂಚದಲ್ಲಿ ಬೇರೆಯೂ ಇದ್ದವು. ಬೆಲೆ ಬಂದದ್ದು ಕಬ್ಬಿಣಕ್ಕೂ ಬೆಳ್ಳಿಗೂ ಅಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ತೋರಿಸುವ ಸರಪಳಿಗೆ. ನಮ್ಮ ಮನೆಯ ಗಡಿಯಾರಕ್ಕೂ ಅಂಥದೊಂದು ಸರಪಳಿ ಬೇಕು. ಅಜ್ಜನಿಂದ ದೊಡ್ಡಪ್ಪನಿಗೆ, ದೊಡ್ಡಪ್ಪನಿಂದ ಅತ್ತೆಯ ಮಗನಿಗೆ, ಅವನಿಂದ ನಮಗೆ. ನಡುವೆ ಒಂದು ಕೊಂಡಿ ಕಾಣದಿದ್ದರೆ ಕಾಣದೆಂದೇ ಬರೆದರಾಯಿತು.

ಮೂರನೆಯ ಸಾಕ್ಷಿ ಮನುಷ್ಯ. ಇವನನ್ನು ವಿಚಾರಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಹಿರಿಯರು ಸುಳ್ಳು ಹೇಳುವುದಿಲ್ಲ. ಆದರೆ ನೆನಪು ಇಸವಿಗಳನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿಡುವುದಿಲ್ಲ. ‘ಯಾವ ಇಸವಿ?’ ಎಂದು ಕೇಳಿದರೆ ಅವರು ಬಾಯಿಗೆ ಬಂದದ್ದೊಂದನ್ನು ಹೇಳಿಯಾರು. ‘ಕೊಯ್ನಾ ಭೂಕಂಪದಲ್ಲಿ ಮುಂಬಯಿ ನಡುಗಿತಲ್ಲ, ಆಗ ಈ ಗಡಿಯಾರವಿತ್ತೆ?’ ಎಂದು ಕೇಳಿ. ‘ಇತ್ತು, ಗೂಡಿನಿಂದ ಕೆಳಗೆ ಬಿದ್ದಿತ್ತು’ ಎಂದರೆ ನಿಮಗೆ ೧೯೬೭ರ ಡಿಸೆಂಬರ್ ೧೧ ಸಿಕ್ಕಿತು. ದೊಡ್ಡ ಮಗಳು ಹುಟ್ಟುವ ಮೊದಲೋ ಆಮೇಲೋ, ಚಾಳು ಬಿಡುವ ಮೊದಲೋ ಆಮೇಲೋ — ತಾಯಂದಿರ ಪಂಚಾಂಗ ನಡೆಯುವುದು ಹೀಗೆ. ಅದು ಬಹಳ ಸರಿಯಾದ ಪಂಚಾಂಗ.

ಕೇಳುವುದಕ್ಕೆ ಅಸಂಬದ್ಧವೆನಿಸಿದ ಮಾತನ್ನು ತಳ್ಳಿಹಾಕುವುದೂ ತಪ್ಪೇ. ಒಬ್ಬ ಓದುಗರು ಬರೆದ ಪ್ರಕಾರ, ಎರಡನೆಯ ಮಹಾಯುದ್ಧಕ್ಕೆ ಮೊದಲೇ ಕೋಟೆಯ ಹೋಟೆಲೊಂದಕ್ಕೆ ಕೆಲಸಕ್ಕೆ ಬಂದ ಅವರ ಅಜ್ಜ ತಮ್ಮ ಗಡಿಯಾರವನ್ನು ಬೇಕೆಂದೇ ‘ಮುಕ್ಕಾಲು ಗಂಟೆಯಷ್ಟು’ ಹಿಂದಿಟ್ಟುಕೊಳ್ಳುತ್ತಿದ್ದರಂತೆ. ಮನೆಯವರೆಲ್ಲ ಅದನ್ನು ಅಜ್ಜನ ಹುಚ್ಚೆಂದು ನಗುತ್ತಿದ್ದರಂತೆ. ಈಗ ಚರಿತ್ರೆಯನ್ನು ಕೇಳೋಣ. ಭಾರತಕ್ಕೆಲ್ಲ ಒಂದೇ ಪ್ರಮಾಣ ಕಾಲ ಜಾರಿಗೆ ಬಂದದ್ದು ೧೯೦೬ರ ಜನವರಿ ೧ರಂದು. ಅದು ಗ್ರೀನ್‌ವಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದೆ. ಮುಂಬಯಿಯ ಸ್ವಂತ ಕಾಲ ೪ ಗಂಟೆ ೫೧ ನಿಮಿಷ ಮಾತ್ರ ಮುಂದೆ. ಹೊಸ ಕಾಲವನ್ನು ಈ ಊರು ಸುಲಭವಾಗಿ ಒಪ್ಪಲಿಲ್ಲ. ‘ಬಾಂಬೆ ಟೈಮ್’ ನಗರದಲ್ಲಿ ೧೯೫೫ರವರೆಗೂ ಉಸಿರಾಡುತ್ತಿತ್ತು. ಎರಡು ಕಾಲಗಳಿಗೂ ನಡುವಿನ ಅಂತರ ೩೯ ನಿಮಿಷ; ನಮ್ಮ ಹಿರಿಯರ ಲೆಕ್ಕದಲ್ಲಿ ಒಂದೂವರೆ ಗಳಿಗೆಗೂ ಮಿಕ್ಕು. ಅಜ್ಜನವರದು ಹುಚ್ಚಾಗಿರಲಿಲ್ಲ, ಅವರು ಬಂದಿಳಿದ ಊರಿನ ಕಾಲವನ್ನು ಕಟ್ಟಿಕೊಂಡಿದ್ದರೆಂದು ತೋರುತ್ತದೆ. ಒಳ್ಳೆಯ ವಿಚಾರಣೆ ಸುಳ್ಳನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ನಗೆಗೀಡಾದ ನಿಜವನ್ನು ಎತ್ತಿ ನಿಲ್ಲಿಸುವುದಕ್ಕೂ ಬೇಕು.

ಇಷ್ಟೆಲ್ಲ ಹುಡುಕಾಟ ಏಕೆ, ಪತ್ರಿಕೆಗಳಲ್ಲಿ ಬಂದದ್ದನ್ನು ನೋಡಿ ಬರೆದರೆ ಸಾಲದೆ ಎನ್ನುವವರಿಗೆ ನಮ್ಮ ವಿಕ್ರೋಳಿಯದೇ ಒಂದು ಕಥೆ ಹೇಳುತ್ತೇವೆ. ಗಡಿಯಾರದ್ದಲ್ಲ, ಟೈಪ್‌ರೈಟರಿನದು, ಪಾಠ ಒಂದೇ. ಗೋದ್ರೆಜ್ ಕಂಪನಿಯವರು ಟೈಪ್‌ರೈಟರ್ ಮಾಡಲಾರಂಭಿಸಿದ್ದು ೧೯೫೫ರಲ್ಲಿ. ೨೦೦೯ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. ೨೦೧೧ರ ಏಪ್ರಿಲಿನಲ್ಲಿ ಉಳಿದ ಕೆಲವು ನೂರು ಯಂತ್ರಗಳ ವಿಷಯ ನಮ್ಮ ದೇಶದ ಒಂದು ಪತ್ರಿಕೆಯಲ್ಲಿ ಬಂತು. ಅದನ್ನು ಕಂಡ ಹೊರದೇಶದ ಪತ್ರಿಕೆಗಳು ‘ಪ್ರಪಂಚದ ಕೊನೆಯ ಟೈಪ್‌ರೈಟರ್ ಕಾರ್ಖಾನೆ ಮುಚ್ಚಿತು’ ಎಂದು ಸಾರಿದುವು. ಒಂದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೊಂದು, ಎರಡು ದಿನದಲ್ಲಿ ಭೂಮಂಡಲವೆಲ್ಲ ಟೈಪ್‌ರೈಟರಿಗೆ ತಿಲತರ್ಪಣ ಬಿಟ್ಟಿತು. ಅಷ್ಟರಲ್ಲಿ, ಅಮೆರಿಕದ ಒಂದು ಕಂಪನಿಯವರು ‘ನಾವಿನ್ನೂ ಮಾರುತ್ತಿದ್ದೇವಲ್ಲ!’ ಎಂದರು. ಹತ್ತು ಪತ್ರಿಕೆಗಳು ಹತ್ತು ಸಾಕ್ಷಿಗಳಾಗಿರಲಿಲ್ಲ. ಒಂದೇ ಸಾಕ್ಷಿಯ ಹತ್ತು ಪ್ರತಿಧ್ವನಿಗಳಾಗಿದ್ದುವು. ಮೂಲಕ್ಕೆ ಹೋಗಿ ವಿಚಾರಿಸಿದ್ದರೆ ಈ ಗೊಂದಲವಿರಲಿಲ್ಲ. ಆ ಮೂಲವಾದರೂ ದೂರವಿರಲಿಲ್ಲ. ಹಳೆಯ ಕಾಗದ, ಚಿತ್ರ, ಕೆಲಸಗಾರರ ಮಾತುಗಳನ್ನು ಕಾಪಾಡುವುದಕ್ಕೆಂದು ಗೋದ್ರೆಜ್‌ನವರು ೨೦೦೬ರಲ್ಲೇ ದಾಖಲೆಗಳ ಭಂಡಾರವೊಂದನ್ನು ಸ್ಥಾಪಿಸಿದ್ದಾರೆ; ಅದಿರುವುದು ಇದೇ ವಿಕ್ರೋಳಿಯಲ್ಲಿ.

ನಂಬಿಕೆಗೆ ಅರ್ಹರಾದವರು ತಮ್ಮ ಹೆಮ್ಮೆಯ ವಸ್ತುವನ್ನೇ ಮತ್ತೆ ಪರೀಕ್ಷೆಗೆ ಒಡ್ಡುತ್ತಾರೆ. ಜರ್ಮನಿಯ ನ್ಯೂರೆಂಬರ್ಗಿನ ವಸ್ತುಸಂಗ್ರಹಾಲಯದಲ್ಲಿ ಪೀಟರ್ ಹೆನ್‌ಲೈನನ ಹೆಸರೂ ೧೫೧೦ ಎಂಬ ಇಸವಿಯೂ ಇರುವ ಒಂದು ಸಣ್ಣ ಗಡಿಯಾರವಿದೆ. ಪ್ರಪಂಚದ ಅತಿ ಪುರಾತನ ಜೇಬುಗಡಿಯಾರವೆಂದು ಅದಕ್ಕೆ ಬಹುಕಾಲ ಮನ್ನಣೆಯಿತ್ತು. ಆ ಸಂಗ್ರಹಾಲಯದವರೇ ಅದನ್ನು ಹೊಸ ಉಪಕರಣಗಳಿಂದ ಒಳಹೊರಗು ಶೋಧಿಸಿ, ಅದರ ಹೆಚ್ಚಿನ ಭಾಗ ಬಹಳ ಈಚಿನ ಕಾಲದಲ್ಲಿ ಜೋಡಿಸಿದ್ದೆಂದು ಕಂಡು, ೨೦೧೪ರಲ್ಲಿ ಪ್ರದರ್ಶನವನ್ನೇ ಏರ್ಪಡಿಸಿ ಜನರ ಮುಂದಿಟ್ಟರು. ಹೆನ್‌ಲೈನನ ಕೀರ್ತಿ ಅದರಿಂದ ಕುಂದಲಿಲ್ಲ. ಅವನು ಸಣ್ಣ ಗಡಿಯಾರಗಳನ್ನು ಮಾಡುತ್ತಿದ್ದನೆಂದು ಅವನ ಕಾಲದ ಪುಸ್ತಕವೇ ಹೇಳುತ್ತದೆ. ಆ ಸಂಸ್ಥೆಯ ಮಾತಿಗಂತೂ ತೂಕ ಹೆಚ್ಚಾಯಿತು.

ಈ ಮಾತುಗಳನ್ನೆಲ್ಲ ಒಂದು ಮನೆಯ ಮಟ್ಟಕ್ಕೆ ಇಳಿಸಿ ನೋಡೋಣ. ನಮಗೆ ಬಂದ ಲೇಖನಗಳಲ್ಲಿ ಒಬ್ಬ ತರುಣಿಯದು ಹೀಗೆ ಆರಂಭವಾಗಿತ್ತು: ‘ನಮ್ಮ ಅಜ್ಜನವರಿಗೆ ೧೯೫೮ರ ಮದುವೆಯಲ್ಲಿ ಎಚ್‌ಎಂಟಿ ಜನತಾ ಗಡಿಯಾರ ಬಂದಿತ್ತು. ಅದು ಇಂದಿಗೂ ಒಂದು ಸೆಕೆಂಡೂ ತಪ್ಪದೆ ನಡೆಯುತ್ತಿದೆ.’ ಎರಡು ವಾಕ್ಯಗಳು, ಎರಡು ತೊಡಕುಗಳು. ೧೯೫೮ರಲ್ಲಿ ಎಚ್‌ಎಂಟಿಯ ಕೈ ಗಡಿಯಾರವೇ ಹುಟ್ಟಿರಲಿಲ್ಲ. ಕೀಲಿ ಕೊಡುವ ಗಡಿಯಾರ ಎಷ್ಟೇ ಒಳ್ಳೆಯದಾದರೂ ದಿನಕ್ಕೆ ಕೆಲವು ಸೆಕೆಂಡು ಆಚೀಚೆ ಹೋಗದಿರದು. ನಾವು ಲೇಖನವನ್ನು ಹಿಂದಕ್ಕೆ ಕಳುಹಿಸಿ, ಮದುವೆಯ ಫೋಟೋ ಇದ್ದರೆ ನೋಡಿರಿ, ಅಜ್ಜಿಯವರನ್ನು ಇನ್ನೊಮ್ಮೆ ಕೇಳಿರಿ ಎಂದು ಬರೆದೆವು. ಆಕೆ ಬೇಸರಿಸದೆ ಹುಡುಕಿದರು. ಫೋಟೋದಲ್ಲಿ ಅಜ್ಜನವರ ಕೈಯಲ್ಲಿ ಗಡಿಯಾರವಿತ್ತು. ಆದರೆ ಸೆಕೆಂಡಿನ ಮುಳ್ಳಿಗೆ ಕೆಳಗೆ ಬೇರೆಯೇ ಒಂದು ಪುಟ್ಟ ವೃತ್ತವಿತ್ತು. ಮನೆಯಲ್ಲಿರುವ ಜನತಾದಲ್ಲಿ ಆ ಮುಳ್ಳು ಇರುವುದು ನಡುವಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: ‘ಅದು ಇದಲ್ಲ ಮಗಾ. ಖೋಲಿಯ ಪಗಡಿಗೆ ಹಣ ಕಮ್ಮಿ ಬಿದ್ದಾಗ ಅದನ್ನು ಮಾರಿದರು. ಐದಾರು ವರ್ಷ ಬರಿಗೈಯಲ್ಲೇ ಕೆಲಸಕ್ಕೆ ಹೋದರು. ಆಮೇಲೆ ನಾನೇ ಹಪ್ಪಳ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಇದನ್ನು ತೆಗೆಸಿಕೊಟ್ಟೆ.’

ಮದುವೆಯ ಗಡಿಯಾರವೆಂಬ ಸುಂದರವಾದ ಕಥೆ ಹೋಯಿತು. ಅದರ ಜಾಗದಲ್ಲಿ ಬಂದದ್ದೇನು? ಈ ನಗರದಲ್ಲಿ ತಲೆಯ ಮೇಲೊಂದು ಸೂರು ಮಾಡಿಕೊಂಡ ಕಥೆ, ಒಬ್ಬ ಗೃಹಿಣಿ ಹಪ್ಪಳ ಒತ್ತಿ ಗಂಡನ ಕೈಗೆ ಮತ್ತೆ ಗಡಿಯಾರ ಕಟ್ಟಿದ ಕಥೆ. ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಕೆಯನ್ನು ಕೇಳಿರಲಿಲ್ಲ. ಕೇಳದಿದ್ದರೆ ಅದು ಆಕೆಯೊಡನೆಯೇ ಹೋಗಿಬಿಡುತ್ತಿತ್ತು. ಆ ತರುಣಿಯ ಎರಡನೆಯ ಲೇಖನ ಹೀಗೆ ಮುಗಿಯುತ್ತದೆ: ‘ಎರಡನೆಯ ಗಡಿಯಾರ ಕೊಂಡ ಇಸವಿಗೆ ನಮ್ಮಲ್ಲಿ ಬಿಲ್ಲಿಲ್ಲ. ಸಣ್ಣ ಚಿಕ್ಕಪ್ಪ ಹುಟ್ಟುವ ಹಿಂದಿನ ದೀಪಾವಳಿ ಎಂದು ಅಜ್ಜಿ ಹೇಳುತ್ತಾರೆ.’ ಈ ಒಂದು ‘ಬಿಲ್ಲಿಲ್ಲ’ ಎಂಬ ಮಾತಿನಿಂದಲೇ ಅದಕ್ಕೆ ಹಿಂದೆ ಹೇಳಿದ್ದೆಲ್ಲವನ್ನೂ ನಾವು ನಂಬುತ್ತೇವೆ. ಆಧಾರವಿಲ್ಲದ ಕಡೆ ಇಲ್ಲವೆಂದವರು, ಇದೆ ಎಂದ ಕಡೆ ಇದ್ದೇ ಇರುತ್ತದೆ. ಲೇಖನ ಮುಂದಿನ ಸಂಚಿಕೆಯಲ್ಲಿ ಎರಡೂ ಚಿತ್ರಗಳೊಡನೆ ಬರುತ್ತದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರು ೨೦೧೯ರಲ್ಲಿ ತಮ್ಮ ಪರಂಪರೆಯ ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಬೇಸಿಗೆಯಲ್ಲಿ ಊರಿಗೆ ಹೋಗುವವರು ಮಕ್ಕಳಿಗೆ ತೋರಿಸಿಕೊಂಡು ಬರಬಹುದು. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದ ಸಾಕ್ಷಿಗಳೂ ಉಂಟು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲಿನಂಥ ಸುರುಳಿಯನ್ನು ಅದರ ಜಾಗದಲ್ಲಿ ಕೂರಿಸಿದ ಕೈಗಳು ಬೆಂಗಳೂರಿನಲ್ಲಿ, ತುಮಕೂರಿನಲ್ಲಿ, ನಮ್ಮ ನಮ್ಮ ನೆಂಟರ ಮನೆಗಳಲ್ಲೇ ಇವೆ. ಅವರಿಗೆ ವಯಸ್ಸಾಗಿದೆ. ನಿಮ್ಮ ಅತ್ತೆಯೋ ಚಿಕ್ಕಮ್ಮನೋ ಅಂಥವರಾಗಿದ್ದರೆ, ಯಾವ ವಿಭಾಗದಲ್ಲಿದ್ದಿರಿ, ದಿನಕ್ಕೆ ಎಷ್ಟು ಗಡಿಯಾರ ಕೈದಾಟುತ್ತಿತ್ತು, ಕೆಲಸ ಕಲಿಸಿದವರು ಯಾರು ಎಂದು ಕೇಳಿ, ಕೇಳಿದ ದಿನದ ತಾರೀಖು ಹಾಕಿ ಬರೆದಿಡಿ. ಅವರು ಹೇಳಿದ್ದು ಒಂದು ಕಡೆ, ನೀವು ಊಹಿಸಿದ್ದು ಇನ್ನೊಂದು ಕಡೆ ಇರಲಿ. ಲೇಖನಗಳು ಮುಂದಿನ ತಿಂಗಳ ಹದಿನೈದರೊಳಗೆ ನಮ್ಮ ಕೈಸೇರಲಿ. ಜೊತೆಗೆ ಗಡಿಯಾರದ ಮುಂಬದಿ ಹಿಂಬದಿಗಳ ಚಿತ್ರವಿದ್ದರೆ ಸಂತೋಷ. ಕೈಬರಹ ಚೆನ್ನಾಗಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ; ಓದಿಕೊಳ್ಳುವ ಹೊಣೆ ನಮ್ಮದು.